ನಾಣ್ಯದ ಮೇಲೆ ಎಲ್ಲರಿಗೂ ಜಾಗ

ತೊಂಬತ್ತರ ದಶಕದಲ್ಲಿ, ಪೀಣ್ಯದಲ್ಲಿ ಪದಕ, ಬಿಲ್ಲೆಗಳ ಅಚ್ಚು ಕೊರೆಯುವ ನಮ್ಮ ಕಾರ್ಖಾನೆಯಲ್ಲಿ ಒಬ್ಬ ಸೂಪರ್‌ವೈಸರ್ ಇದ್ದರು. ಬೈಯುವ ಮೊದಲು ಕನ್ನಡಕ ಒರೆಸುತ್ತಿದ್ದರು. ಒರೆಸಿ ಮುಗಿಯುವಷ್ಟರಲ್ಲಿ ಸಿಟ್ಟೂ ಮುಗಿದಿರುತ್ತಿತ್ತು. "ಯಾರ್ಗೂ ಬೇಜಾರಾಗ್ಬಾರ್ದು ಕಣ್ರಯ್ಯಾ" ಎಂಬ ಅವರ ಮಾತನ್ನು ಅವರದೇ ಮೂಗುದನಿಯಲ್ಲಿ ಹೇಳಿ ನಾನು ಕ್ಯಾಂಟೀನಿನಲ್ಲಿ ಚಪ್ಪಾಳೆ ಗಿಟ್ಟಿಸುತ್ತಿದ್ದೆ.

ರಾಜ್ಯ ಸರ್ಕಾರ ನೆನಪಿಗೆಂದು ಹಂಚಲಿದ್ದ ನಾಣ್ಯಕ್ಕೆ ಚಿತ್ರ ಆರಿಸುವ ಹೊಣೆ ಅವರ ಹೆಗಲಿಗೇ ಬಿತ್ತು. ಚಿತ್ರ ಒಪ್ಪಿಗೆಯಾದರೆ ಆರ್ಡರ್ ನಮಗೆ. ಅವರು ಆನೆ ಬರೆದರು. ಶಿವಮೊಗ್ಗದವನು ಜೋಗ ಕೇಳಿದ, ಸೇರಿಸಿದರು. ಬಿಜಾಪುರದವನಿಗೆ ಗುಮ್ಮಟ, ಕೋಲಾರದವನಿಗೆ ಚಿನ್ನದ ಗಣಿ. ಆನೇಕಲ್ಲಿನ ನಾನು ಸುಮ್ಮನಿರುವ ಜಾತಿಯೇ? ರೇಷ್ಮೆಗೂಡು ತುರುಕಿಸಿದೆ. ಊಟದೆಲೆಯಷ್ಟು ದೊಡ್ಡ ಹಾಳೆಯಲ್ಲಿ ಎಲ್ಲವೂ ಸೊಗಸಾಗಿ ಕಂಡಿತು.

ನಾಣ್ಯದ ಅಳತೆಗೆ ಇಳಿಸಿ ಕೊರೆದ ಮಾದರಿಯನ್ನು, ಒಪ್ಪಿಗೆ ಕೊಡಲು ಕಾರ್ಖಾನೆಗೆ ಬಂದ ಸರ್ಕಾರಿ ಅಧಿಕಾರಿ ತಿರುಗಿಸಿ ತಿರುಗಿಸಿ ನೋಡಿದರು. "ಏನ್ರೀ ಇದು, ಹಲಸಿನಹಣ್ಣಾ? ಒಂದ್ ಉಳ್ಸಿ, ಮಿಕ್ಕಿದ್ದೆಲ್ಲಾ ತೆಗೀರಿ. ಇಲ್ದಿದ್ರೆ ಬೇರೆಯವ್ರಿಗೆ ಕೊಡ್ತೀನಿ."

ಸೂಪರ್‌ವೈಸರ್ ನಮ್ಮೊಬ್ಬೊಬ್ಬರ ಮುಖವನ್ನೂ ನೋಡಿದರು. ಆಮೇಲೆ ಮೆಲ್ಲಗೆ, "ಸಾರ್, ಎಲ್ಲಾನೂ ತೆಗ್ದ್ಬಿಡ್ತೀನಿ. ರಾಜ್ಯದ್ ಹೆಸ್ರೊಂದಿರ್ಲಿ" ಎಂದರು.

ಅಧಿಕಾರಿಯ ಮುಖ ಅರಳಿತು. "ಭೇಷ್! ಇದ್ರಲ್ಲಿ ತಪ್ಪು ಹುಡ್ಕೋಕೆ ಯಾವ್ ಕಮಿಟಿಗೂ ಆಗಲ್ಲ" ಎಂದವರೇ ನಿಂತಲ್ಲೇ ರುಜು ಹಾಕಿದರು.