ಯಂಕಪ್ಪ ಪೈಲ್ವಾನನಿಗೆ ನಾನು ಹಚ್ಚಿದ ಜೋಡಿ

ಯಂಕಪ್ಪ ಪೈಲ್ವಾನನ ಎರಡೂ ಕಿವಿಗಳು ಕುಸ್ತಿಯಲ್ಲಿ ಉಜ್ಜಿ ಉಜ್ಜಿ ಮುದ್ದೆಯಾಗಿದ್ದವು. ಕಿವುಡನೇನಲ್ಲ, ಇನ್ನೊಬ್ಬರ ಮಾತು ಕೇಳುವ ಅಭ್ಯಾಸವೇ ಆ ಮನುಷ್ಯನಿಗಿರಲಿಲ್ಲ. ಸಾಲಗುಂದದ ಗರಡಿಯಲ್ಲಿ ಹದಿನೆಂಟರ ನನ್ನನ್ನು ಚಿತ್ ಮಾಡಿ, ಎದೆಯ ಮೇಲೆಯೇ ಕುಳಿತು, ನೀರು ತರಿಸಿ ನಿಧಾನವಾಗಿ ಕುಡಿದಿದ್ದ. ಗರಡಿಗೆ ಗರಡಿಯೇ ನಕ್ಕಿತು. ಅಂದಿನಿಂದ ಅವನ ಬಾಯಲ್ಲಿ ನಾನು ಮಾನಪ್ಪನಲ್ಲ, ‘ಸೋತವ’. ಲಿಂಗಸುಗೂರಿನಲ್ಲಿ ವ್ಯಾಯಾಮದ ಮಾಸ್ತರನಾದ ಮೇಲೂ ನನ್ನ ವಿದ್ಯಾರ್ಥಿಗಳ ಎದುರಿಗೇ, “ಏ ಸೋತವ, ಚಾ ಕುಡಸಲೇ,” ಎನ್ನುತ್ತಿದ್ದ. ಅವನನ್ನು ನಾನು ಮನಸಾರೆ ದ್ವೇಷಿಸಿದೆ. ಹಾಗೆನ್ನಲು ನನಗೆ ನಾಚಿಕೆಯಿಲ್ಲ.

ಕುಸ್ತಿ ಬಿಟ್ಟರೂ ನಾನು ಕಣ ಬಿಡಲಿಲ್ಲ. ನಮ್ಮ ಕಡೆ ಜೋಡಿ ಹಚ್ಚಲು ಒಬ್ಬ ತಿಳಿದವನು ಬೇಕು. ಪೈಲ್ವಾನರಿಬ್ಬರ ಕುತ್ತಿಗೆ, ತೋಳು, ಮೊಣಕಾಲು ಮುಟ್ಟಿ ನೋಡಿ, ಸಮ ಅನ್ನಿಸಿದರೆ ಮಾತ್ರ ಕೈಗೆ ಕೈ ಕೂಡಿಸಬೇಕು. ಕೂಡಿಸಿದ ಮೇಲೆ ಯಾರೂ ಹಿಂದೆ ಸರಿಯುವಂತಿಲ್ಲ. ಆ ಕೆಲಸ ನನ್ನದಾಗಿತ್ತು.

ಹೋದ ವರ್ಷ ಮಸ್ಕಿಯಲ್ಲಿ ಗುರುಗುಂಟಾದ ಅಮರೇಶ, ಇಪ್ಪತ್ಮೂರರವನು, ನಲವತ್ತಾರರ ಯಂಕಪ್ಪನನ್ನು ಕೆಡವಿ ಬೆಳ್ಳಿ ಗದೆ ಒಯ್ದ. “ಮಣ್ಣು ಹಸಿ ಇತ್ತು, ಕಾಲು ಜಾರಿತು,” ಎಂದು ಯಂಕಪ್ಪ ಕಂಡಕಂಡವರಿಗೆಲ್ಲ ಹೇಳಿದ. ಇನ್ನೊಮ್ಮೆ ಆಡಿಸಿ ಎಂದು ಹಟ ಹಿಡಿದ. ಮಾನಪ್ಪ ಮಾಸ್ತರ ಜೋಡಿ ಹಚ್ಚಿದರೆ ಆಗಲಿ ಎಂದರು ಮಸ್ಕಿಯ ಹಿರಿಯರು.

ಆ ಎರಡನೆಯ ಕುಸ್ತಿಯ ಹಿಂದಿನ ದಿನ ಯಂಕಪ್ಪ ನನ್ನ ಶಾಲೆಗೆ ಬಂದ. ಚಹಾ ಕೇಳಲಿಲ್ಲ.

“ಮಾನಪ್ಪ, ಮುಟ್ಟಿ ನೋಡು. ಸಮ ಇಲ್ಲ ಅಂದ್ರ ನಾ ಕಣಕ್ಕ ಇಳಿಯಂಗಿಲ್ಲ. ನಿನಗ ನನ್ನ ಮ್ಯಾಲ ಸಿಟ್ಟೈತಿ, ಗೊತ್ತೈತಿ. ಆದ್ರ ಜೋಡಿ ವಿಷಯದಾಗ ನೀ ಸುಳ್ಳು ಹೇಳಿದವಲ್ಲ.”

ಮುಟ್ಟಿ ನೋಡಿದೆ. ಕುತ್ತಿಗೆ ಇನ್ನೂ ಗಟ್ಟಿ. ಅವನ ಹಿಡಿತಕ್ಕೆ ಸಿಕ್ಕರೆ ಅಮರೇಶನೂ ಒದ್ದಾಡಬೇಕು. ಮೊದಲ ಎರಡು ಮೂರು ನಿಮಿಷದಲ್ಲಿ ಎತ್ತಿ ಹಾಕಿದರೆ ಸರಿ, ಆಮೇಲೆ ಉಸಿರಿಲ್ಲ. ಬಲ ಮೊಣಕಾಲಂತೂ ನನ್ನ ಅಂಗೈ ಕೆಳಗೆ ಕಟಕಟ ಎಂದಿತು. ರೂಪಾಯಿಗೆ ಒಂದಾಣೆ ಗೆಲುವೂ ಅವನಲ್ಲಿರಲಿಲ್ಲ. ಆದರೆ ಅವನ ಎದೆಯ ಮೇಲೆ ಇನ್ನೊಬ್ಬ ಕೂತದ್ದನ್ನು ನಾನು ನೋಡಬೇಕಿತ್ತು.

“ಸಮ ಐತಿ,” ಎಂದೆ.

ಮರುದಿನ ಸಂಜೆ ನಾನೇ ಕೈ ಕೂಡಿಸಿದೆ. ಮೊದಲಿಗೆ ಯಂಕಪ್ಪ ಅಮರೇಶನನ್ನು ಒಮ್ಮೆ ಎತ್ತಿಯೂ ಎತ್ತಿದ. ಜನ ಎದ್ದು ನಿಂತರು. ಎತ್ತಿದ ಭಾರಕ್ಕೆ ಮೊಣಕಾಲು ಮುರಿಯಿತು. ಬಿದ್ದವನ ಎದೆಯ ಮೇಲೆ ಅಮರೇಶ ಕೂರಲಿಲ್ಲ. ನೀರು ತರಿಸಿ, ಅವನ ತಲೆ ಹಿಡಿದು ತಾನೇ ಕುಡಿಸಿದ. ಯಾರೂ ನಗಲಿಲ್ಲ. ಅಮರೇಶನ ಮೇಲೂ ನನಗೆ ಸಿಟ್ಟು ಬಂತು.

ಕೊನೆಯ ಸಲ ಯಂಕಪ್ಪನನ್ನು ಕಂಡದ್ದು ಸಿಂಧನೂರಿನ ಬಸ್ ಸ್ಟ್ಯಾಂಡಿನಲ್ಲಿ. ಬಗಲಲ್ಲಿ ಕೋಲಿತ್ತು.

“ಅವತ್ತು ಖರೇನ ಸಮ ಅನಿಸಿತ್ತೇನು ನಿನಗ?”

“ಹೂಂ,” ಎಂದೆ.

ಯಂಕಪ್ಪ ಕೋಲನ್ನು ಬಗಲಿಗೆ ಒತ್ತಿಕೊಂಡ. “ಆತು ಬಿಡು. ಸೋತವ ಯಾವತ್ತಿದ್ರೂ ಸೋತವನ.”

ಬಸ್ಸಿನ ಮೆಟ್ಟಿಲು ಹತ್ತಲಾಗದೆ ನಿಂತಾಗ ಕೈ ನೀಡಿದೆ. ಅವನು ಕಂಡಕ್ಟರನ ಕೈ ಹಿಡಿದು ಹತ್ತಿದ.