ಕರಿಬೇವಿಗೆ ನೋಟಿಸ್

ದುಬೈಯ ಸತ್ವಾದಲ್ಲಿ ನಮ್ಮ ಪಕ್ಕದ ಮನೆಯ ಅಂಕಲ್ ಮುನ್ಸಿಪಾಲಿಟಿ ಇನ್ಸ್‌ಪೆಕ್ಟರ್. ಕಸದ ಡಬ್ಬಿಯನ್ನೂ ಅವರು ಕೈಕಟ್ಟಿ, ತಲೆ ಓರೆ ಮಾಡಿ, ಹೆಣ್ಣು ನೋಡಲು ಬಂದವರ ಹಾಗೆ ನೋಡುತ್ತಿದ್ದರು. ಯಾರು ಏನು ದೂರಿದರೂ ಒಂದೇ ಮಾತು: “ಅರ್ಜಿ ಕೊಟ್ಟಿದ್ದೀರಾ?” ಅವರ ಮನೆಯಲ್ಲಿ ಗಂಜಿಗೆ ಉಪ್ಪು ಬೇಕಾದರೂ ಅರ್ಜಿ ಕೊಡಬೇಕೆಂದು ನಾನು ಶಾಲೆಯಲ್ಲೆಲ್ಲ ಹಬ್ಬಿಸಿದ್ದೆ.

ಅವರ ಹೆಂಡತಿ, ನಮ್ಮ ಆಂಟಿ, ಗೇಟಿನ ಹೊರಗೆ, ಫುಟ್‌ಪಾತಿನ ಅಂಚಿನಲ್ಲಿ, ಊರಿಂದ ತಂದ ಕರಿಬೇವು ಬೆಳೆಸಿದ್ದರು. ಇಡೀ ಗಲ್ಲಿಯ ಸಾಂಬಾರು ಅದರ ಮೇಲೆಯೇ ನಡೆಯುತ್ತಿತ್ತು. ಆದರೆ ಅದು ಸರಕಾರದ ಜಾಗ. ಒಂದು ಗುರುವಾರ ಅಂಕಲ್ ತಮ್ಮದೇ ಬಾಗಿಲಿಗೆ ನೋಟಿಸ್ ಅಂಟಿಸಿದರು: ಏಳು ದಿನದೊಳಗೆ ಗಿಡ ತೆಗೆಯಬೇಕು. ಅಂಟಿಸಿ, ನಿಯಮದಂತೆ ಬೆಲ್ ಒತ್ತಿದರು. ನಾನು ಗೋಡೆಯ ಮೇಲಿಂದ ಇಣುಕಿದೆ.

“ನಿಮಗೆ ಮರ್ಲಾ ಮಾರಾಯ್ರೆ, ತಲೆ ಸರಿ ಉಂಟಾ?” ಎಂದರು ಆಂಟಿ. “ಮೂರು ವರ್ಷ ಸಾಕಿದ ಗಿಡ!”

“ಆಚೆ ಬೀದಿಯವರ ನುಗ್ಗೆ ತೆಗೆಸಿದ್ದು ನಾನೇ ಅಲ್ವಾ?”

ಮರುದಿನ ಶುಕ್ರವಾರ ಅಂಕಲ್ ತಾವೇ ಅಗೆದು, ಗಿಡವನ್ನು ಡ್ರಮ್ಮಿಗೆ ನೆಟ್ಟು ಗೇಟಿನೊಳಗೆ ಇಟ್ಟರು. ವಾರದಲ್ಲಿ ಎಲೆಯೆಲ್ಲ ಉದುರಿತು.

“ನೋಟಿಸ್ ಬರೆಯುವಾಗ ನಿಮ್ಮ ಕೈ ನಡುಗಲಿಲ್ವಾ?” ಆಂಟಿ ಕೇಳಿದರು.

ಅಂಕಲ್ ಆ ಬೋಳು ಕಡ್ಡಿಗೆ ನೀರು ಹಾಕುತ್ತ ಹೇಳಿದರು: “ಮೂರು ಕಾಗದ ಹಾಳಾಯ್ತು.”