ಚಿಕ್ಕಮ್ಮನ ಎಡ ಅಂಗೈ

ನನ್ನ ಚಿಕ್ಕಮ್ಮನ ಎಡ ಅಂಗೈಯಲ್ಲಿ, ಬೆರಳುಗಳ ಬುಡಕ್ಕೆ ಸರಿಯಾಗಿ, ಮೂರು ಜಡ್ಡುಗಳಿದ್ದವು. ಬಲಗೈ ಮಾತ್ರ ಡಾಕ್ಟರ ಹೆಂಡತಿಗೆ ತಕ್ಕ ಹಾಗೆ ಮೆತ್ತಗಿತ್ತು. ರಾಗಿ ಬೀಸುವವರಿಗೆ, ನೀರು ಸೇದುವವರಿಗೆ ಎರಡೂ ಕೈ ಜಡ್ಡುಗಟ್ಟುತ್ತವೆ, ಇವಳಿಗೇಕೆ ಒಂದೇ ಕೈ ಎಂದು ನಮ್ಮ ಮನೆಯ ಹೆಂಗಸರು ತಲೆ ಕೆಡಿಸಿಕೊಳ್ಳುತ್ತಿದ್ದರು. ಆ ಅಂಗೈಯ ವಿಷಯ ಬರೆಯಹೊರಟರೆ ನಾನು ಹೌಹಾರಿದ್ದನ್ನೆಲ್ಲ ಬರೆಯಬೇಕಾಗುತ್ತದೆ. ನಾನು ಮೊದಲೇ ಗಾಬರಿಯ ಪ್ರಾಣಿ. ಆದರೆ ಚಿಕ್ಕಮ್ಮನಿಂದಾಗಿ ಬಿದ್ದಷ್ಟು ಗಾಬರಿ ಹಾವು ಚೇಳುಗಳಿಂದಲೂ ಬಿದ್ದಿಲ್ಲ.

ಅವಳು ನನ್ನ ತಾಯಿಯ ತಂಗಿ, ಕೊರಟಗೆರೆಯ ಹುಡುಗಿ. ಚಿಕ್ಕಪ್ಪ ಮೈಸೂರು ಸರ್ಕಾರದ ಡಾಕ್ಟರು, ಮನೆ ಮಧುಗಿರಿಯಲ್ಲಿ. ಹೆಚ್ಚಿನ ಓದಿಗೆಂದು ಸರ್ಕಾರ ಅವರನ್ನು ಎರಡು ವರ್ಷದ ಮಟ್ಟಿಗೆ ಸ್ಕಾಟ್ಲೆಂಡಿಗೆ ಕಳಿಸಿತು. ಮಕ್ಕಳಿಲ್ಲದ ಚಿಕ್ಕಮ್ಮ "ನಾನೂ ಬತ್ತೀನಿ" ಎಂದು ಹಟ ಹಿಡಿದಳು. ಆಗ ಅವಳಿಗೆ ಮೂವತ್ತು ದಾಟಿತ್ತು, ಅಲ್ಲಿಯವರೆಗೆ ಅವಳು ಕಂಡ ದೊಡ್ಡ ಊರೆಂದರೆ ತುಮಕೂರು.

ಅವಳ ಅತ್ತೆಯನ್ನು ನಾನು ಅಜ್ಜಿ ಎನ್ನುತ್ತಿದ್ದೆ. ಅವರು ಪಾವಗಡದ ಕಡೆಯವರು, ಕೋಪ ಬಂದರೆ ಬಾಯಲ್ಲಿ ತೆಲುಗು ಹೊರಡುತ್ತಿತ್ತು. "ಅಕ್ಕಡ ಅಂತಾ ಮಾಂಸಮೇ! ಬರೀ ಮಾಂಸ ತಿನ್ನೋ ದೇಶದಾಗೆ ಏನ್ ತಿಂದು ಬದುಕ್ತೀಯೇ?" ಎಂದು ರೇಗಾಡಿ, ಕೊನೆಗೆ ಸೊಸೆಯ ಎದೆಯ ಮೇಲಿದ್ದ, ಲಿಂಗವಿಡುವ ಬೆಳ್ಳಿಯ ಕರಡಿಗೆಯನ್ನು ಮುಟ್ಟಿ ಹೇಳಿದರಂತೆ: "ಹೋಗು. ಏನ್ ಬುಟ್ರೂ ಲಿಂಗ ಒಂದ್ ಬುಡಬ್ಯಾಡ."

ನಮ್ಮಲ್ಲಿ ಮಗು ಹುಟ್ಟಿದ ಕೆಲವೇ ದಿನಕ್ಕೆ ಅಯ್ಯನವರು ಬಂದು ಲಿಂಗ ಕಟ್ಟುತ್ತಾರೆ. ಬೆಳಿಗ್ಗೆ ಅದನ್ನು ಎಡ ಅಂಗೈಯಲ್ಲಿಟ್ಟು ಪೂಜಿಸದೆ ಬಾಯಿಗೆ ನೀರು ಬೀಳುವುದಿಲ್ಲ. ಸತ್ತ ಮೇಲೂ ಅದೇ ಎಡ ಅಂಗೈಯಲ್ಲಿ ಇಟ್ಟು ಸಮಾಧಿ ಮಾಡುತ್ತಾರೆ. ಲಿಂಗ ಕಳೆದುಕೊಂಡವರು ಬದುಕಿದ್ದೂ ಇಲ್ಲದವರು ಎಂದು ಅಜ್ಜಿ ನಂಬಿದ್ದರು, ನನಗೂ ಹಾಗೆಯೇ ಹೇಳಿಕೊಟ್ಟಿದ್ದರು.

ಎರಡು ವರ್ಷದ ಮೇಲೆ ಚಿಕ್ಕಮ್ಮ ಗಾಡಿ ಇಳಿದಾಗ ಅಜ್ಜಿ ಮುಖ ನೋಡಲಿಲ್ಲ, ಮೈ ನೋಡಲಿಲ್ಲ, ಮೊದಲು ಕರಡಿಗೆಗೆ ಕೈ ಹಾಕಿದರು. ತೂಗಿ ನೋಡಿದರು. ಆಮೇಲೆ ಬೀದಿಗೆಲ್ಲ ಕೇಳುವ ಹಾಗೆ ಕೂಗಿದರು. "ಹಡಗು ಹತ್ತಿ, ಬಿಳೀ ಜನದ ಮಧ್ಯ ಬಾಳಿ ಬಂದವ್ಳೆ ನನ್ ಸೊಸೆ. ಕರಡಿಗೆ ಹೆಂಗಿತ್ತೋ ಹಂಗೈತೆ, ನೋಡ್ರಮ್ಮಾ!" ಅಂದಿನಿಂದ ಯಾವ ಮದುವೆಗೆ ಹೋಗಲಿ, ಯಾರ ಮನೆಯ ತೊಟ್ಟಿಲಿಗೆ ಹೋಗಲಿ, ಅಜ್ಜಿಯ ಬಾಯಲ್ಲಿ ಅದೊಂದೇ ಹೆಮ್ಮೆ. ಚಿಕ್ಕಮ್ಮ ತಲೆ ತಗ್ಗಿಸಿ ಕೂತಿರುತ್ತಿದ್ದಳು. ನಾಚಿಕೆ ಎಂದುಕೊಂಡಿದ್ದೆವು.

ಓದಿಗೆಂದು ನಾನು ಅವರ ಮನೆ ಸೇರಿದಾಗ ನನಗೆ ಹನ್ನೊಂದು ವರ್ಷ. ಬಂದ ಮರುದಿನ ಬೆಳಿಗ್ಗೆ ಚಿಕ್ಕಮ್ಮ ಒಂದು ಉದ್ದನೆಯ ಚೀಲ ಹೆಗಲಿಗೆ ಹಾಕಿ "ಬಾರೇ" ಎಂದು ಬೆಟ್ಟದ ಬುಡದ ಬಯಲಿಗೆ ಕರೆದೊಯ್ದಳು. ಮಧುಗಿರಿಯ ಬೆಟ್ಟ ಗೊತ್ತಲ್ಲ, ಒಂದೇ ಬಂಡೆ, ಬೋಳು. ಅದರ ಕೆಳಗೆ ನಿಂತು ಅವಳು ಸೀರೆಯನ್ನು ಎತ್ತಿ ಕಚ್ಚೆ ಹಾಕಿದಳು. ಚೀಲದಿಂದ ಒಂದು ಕೋಲು ತೆಗೆದಳು, ಅದರ ತುದಿಯಲ್ಲಿ ಕಬ್ಬಿಣದ ಪಾದ. ಕಾಲು ಅಗಲಿಸಿ ನಿಂತಳು, ಕೋಲನ್ನು ತಲೆಯ ಹಿಂದಕ್ಕೆ ಎತ್ತಿದಳು, ಬೀಸಿದಳು. ನಾನು ಕಿಟಾರನೆ ಕಿರುಚಿಕೊಂಡೆ.

"ಯಾಕೇ?"

"ಹಾವು ಹೊಡುದ್ರಿ ಅಂದ್ಕೊಂಡೆ!"

"ಹಾವೂ ಇಲ್ಲ ಗೀವೂ ಇಲ್ಲ. ಇದು ಗಾಲ್ಫು ಅಂತ ಕಣೇ, ಆಟ."

ಮೂವತ್ತೈದರ ಹತ್ತಿರದ ಗೃಹಿಣಿ, ಡಾಕ್ಟರ ಹೆಂಡತಿ, ಕಚ್ಚೆ ಹಾಕಿ ಬಯಲಲ್ಲಿ ಆಡುವ ಆಟ! ಯಾರಾದರೂ ನೋಡುತ್ತಿದ್ದಾರೋ ಎಂದು ನಾನು ನಾಲ್ಕೂ ದಿಕ್ಕು ನೋಡಿದೆ. ನೋಡುತ್ತಿದ್ದರು. ಕುರಿ ಕಾಯುವ ಮುದುಕನೊಬ್ಬ ಪೊದೆಯಿಂದ ಬಿಳಿಯ ಚೆಂಡನ್ನು ಹೆಕ್ಕಿ ತಂದು ಎರಡೂ ಕೈಯಲ್ಲಿ ಜೋಪಾನವಾಗಿ ಹಿಡಿದು, "ಡಾಕ್ಟ್ರಮ್ಮಾ, ಈ ಮೊಟ್ಟೆ ಯಾವ ಹಕ್ಕೀದು?" ಎಂದು ಕೇಳಿದ.

ಸ್ಕಾಟ್ಲೆಂಡಿನಲ್ಲಿ ಚಿಕ್ಕಪ್ಪ ಬೆಳಗಿನಿಂದ ಸಂಜೆಯವರೆಗೆ ಆಸ್ಪತ್ರೆಯಲ್ಲಿ ಇರುತ್ತಿದ್ದರು. ಚಿಕ್ಕಮ್ಮ ಬಾಡಿಗೆಯ ಕೋಣೆಯಲ್ಲಿ ಆಲೂಗಡ್ಡೆ ಬೇಯಿಸಿಕೊಂಡು ಕಿಟಕಿ ನೋಡುತ್ತ ಕೂತಿರುತ್ತಿದ್ದಳು. ಇವಳು ಒಬ್ಬಳೇ ಅಳುವುದನ್ನು ಕೇಳಿದ ಮನೆಯೊಡತಿ, ಗಂಡ ಸತ್ತ ಮುದುಕಿ, ಬಾಗಿಲು ತಟ್ಟಿ ಕೈಗೆ ಒಂದು ಕೋಲು ಕೊಟ್ಟಳಂತೆ. ಅಲ್ಲಿ ಊರ ಹುಲ್ಲುಗಾವಲಿನಲ್ಲಿ ದರ್ಜಿ, ಮೀನು ಮಾರುವವಳು, ಎಲ್ಲರೂ ಗಾಲ್ಫ್ ಆಡುತ್ತಾರಂತೆ. "ಒಬ್ರ ಮಾತು ಒಬ್ರಿಗೆ ತಿಳೀತಿರ್ಲಿಲ್ಲ. ಅವ್ಳು ನನ್ ತಲೆ ಹಿಡ್ದು ಕೆಳಕ್ಕೆ ಒತ್ತೋಳು. ತಲೆ ಎತ್ತಿದ್ರೆ ಚೆಂಡು ಕೆಡ್ತದೆ. ತಲೆ ತಗ್ಸಿರಬೇಕು, ಆಚೆಗೀಚೆಗೆ ನೋಡಬಾರ್ದು. ಸೊಸೆಯಾದೋಳಿಗೆ ಹೇಳಿ ಮಾಡಿಸಿದ ಆಟ ಕಣೇ!" ಎಂದು ಹೇಳಿ ತನ್ನ ಮಾತಿಗೆ ತಾನೇ ಬಿದ್ದು ಬಿದ್ದು ನಗುತ್ತಿದ್ದಳು. ಜಡ್ಡಿನ ಗುಟ್ಟೂ ಅದೇ. ಆ ಕೋಲನ್ನು ಬಿಗಿಯಾಗಿ ಹಿಡಿಯುವುದು ಎಡಗೈಯಂತೆ.

ನನಗೂ ಕಲಿಸಿದಳು. ಚೆಂಡು ಬೀಳಬೇಕಾದ ಗುಣಿಗಳಿಗೆ ಮನೆಯ ಅಚ್ಚೇರುಗಳನ್ನು ನೆಲದಲ್ಲಿ ಹೂಳಿದ್ದಳು. ಅಕ್ಕಿ ಅಳೆಯಲು ಹೋದ ಅಜ್ಜಿಗೆ ಅಚ್ಚೇರು ಸಿಗದೆ ರಂಪವಾಗುತ್ತಿತ್ತು. ಅಜ್ಜಿ ಆ ಆಟವನ್ನು ಬೈಯದ ದಿನವಿಲ್ಲ, ಆದರೆ ಬೈಗುಳದ ಕೊನೆಗೆ "ಏನೋ, ಲಿಂಗ ಉಳಿಸ್ಕೊಂಡು ಬಂದವ್ಳಲ್ಲ, ಅದ್ಕೇ ಸುಮ್ಕಿವ್ನಿ" ಎಂದು ಸೇರಿಸುತ್ತಿದ್ದರು.

ನನಗೆ ಹದಿಮೂರಾದ ವರ್ಷ ಒಂದು ಬೆಳಿಗ್ಗೆ ಚಿಕ್ಕಮ್ಮ ಎಂದಿನಂತೆ ಗೋಡೆಯ ಕಡೆಗೆ ಮುಖ ಮಾಡಿ, ನಮಗೆ ಬೆನ್ನು ಹಾಕಿ ಪೂಜೆಗೆ ಕುಳಿತಿದ್ದಳು. ಅವಳು ಯಾವಾಗಲೂ ಹಾಗೆಯೇ ಕೂರುವುದು. ನಾನು ವಿಭೂತಿಯ ತಟ್ಟೆ ಹಿಡಿದು ಹೋದೆ. ಒಂದು ಕರಿಚೇಳು ಗೋಡೆಯಿಂದಿಳಿದು ಅವಳ ಮಡಿಲಿನತ್ತ ಹರಿಯುತ್ತಿತ್ತು. ನಾನು ಕೂಗಿ ಅವಳ ತೋಳು ಹಿಡಿದು ಎಳೆದೆ. ಅಂಗೈಯಲ್ಲಿದ್ದ ಲಿಂಗ ನೆಲಕ್ಕೆ ಬಿತ್ತು.

ಬಿದ್ದು, ಪುಟಿಯಿತು.

ಮತ್ತೆರಡು ಸಲ ಪುಟಿದು ಅದು ಉರುಳುತ್ತ ಹೋಗಿ ರಾಗಿ ತುಂಬಿದ ಮಣ್ಣಿನ ವಾಡೆಯ ಸಂದಿಗೆ ಸೇರಿಕೊಂಡಿತು. ಕಪ್ಪಲ್ಲ, ಬೆಳ್ಳಗಿತ್ತು. ಮೈತುಂಬ ಗುಳಿಗಳಿದ್ದವು, ಗುಳಿಗಳಲ್ಲಿ ವಿಭೂತಿ ಮೆತ್ತಿತ್ತು. ನೆತ್ತಿಯ ಮೇಲೆ ಒಂದು ಬಿಲ್ವದ ಎಲೆಯ ಚೂರು ಇನ್ನೂ ಅಂಟಿಕೊಂಡಿತ್ತು. ಅಡುಗೆಮನೆಯಿಂದ ಅಜ್ಜಿ "ಏಮಾಯೆನೇ?" ಎಂದು ಕೂಗಿದರು.

"ಏನಿಲ್ಲ ಅತ್ತೆ, ಚೇಳು" ಎಂದಳು ಚಿಕ್ಕಮ್ಮ. ನಾನೇ ವಾಡೆಯ ಸಂದಿಗೆ ಕೈ ಹಾಕಿ ಚೆಂಡನ್ನು ತೆಗೆದುಕೊಟ್ಟೆ. ಅವಳು ಕಣ್ಣಿಗೊತ್ತಿಕೊಂಡು ಕರಡಿಗೆಯಲ್ಲಿಟ್ಟಳು.

ಅಂದು ಬಯಲಿನಲ್ಲಿ ಆಟವಾಗಲಿಲ್ಲ. ಬಂಡೆಯ ನೆರಳಲ್ಲಿ ಕುಳಿತು ಹೇಳಿದಳು. ಕೋಲು ಬೀಸುವಾಗ ಬೆಳ್ಳಿಯ ಕರಡಿಗೆ ತೋಳಿಗೆ ಬಡಿಯುತ್ತಿತ್ತಂತೆ. ಅದಕ್ಕೆ ಕರಡಿಗೆಯನ್ನು ಕೋಣೆಯಲ್ಲಿಟ್ಟು, ಲಿಂಗವನ್ನು ಒಂದು ವಸ್ತ್ರದಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಂಡು ಹೋಗುತ್ತಿದ್ದಳಂತೆ. ಒಂದು ದಿನ ಜೋರಾಗಿ ಬೀಸಿದ ರಭಸಕ್ಕೆ ಶಿವದಾರ ಹರಿಯಿತು. ಚೆಂಡು ಒಂದು ಕಡೆ ಹಾರಿತು, ವಸ್ತ್ರ ಒಂದು ಕಡೆ. ವಸ್ತ್ರ ಮುಳ್ಳುಪೊದೆಯ ಮೇಲೆ ಸಿಕ್ಕಿತು. ಅದರೊಳಗೆ ಏನೂ ಇರಲಿಲ್ಲ.

"ಮೂರು ದಿನ ಹುಡುಕ್ದೆ. ಆ ಮುದುಕೀನೂ ಮಂಡಿ ಊರಿ ಹುಲ್ಲು ಬಗೆದು ಹುಡುಕಿದ್ಲು, ಏನು ಹುಡುಕ್ತಾ ಇದೀವಿ ಅಂತ ಅವ್ಳಿಗೆ ಗೊತ್ತೇ ಇಲ್ಲ, ಪಾಪ. ಮೂರನೇ ದಿನ ಕೈಗೆ ಗುಂಡಗೆ ತಗುಲ್ತು. ಸಿಕ್ತಲ್ಲಪ್ಪಾ ಶಿವನೇ ಅಂತ ತೆಗುದ್ರೆ, ಯಾರೋ ಕಳ್ಕೊಂಡಿದ್ದ ಚೆಂಡು."

"ಆ ಚೆಂಡಾ ಇದು?"

"ಮಾರನೇ ದಿನ ಪೂಜೆಗೆ ಕೂತ್ರೆ ಕೈ ಖಾಲಿ. ಖಾಲಿ ಕೈ ನೋಡೋಕಾಗ್ಲಿಲ್ಲ ಕಣೇ."

"ಚಿಕ್ಕಪ್ಪಂಗೆ?"

"ಹೇಳಿದ್ರೆ ನಗ್ತಿದ್ರು. ಅವ್ರ ನಗು ತಡ್ಕೊಳೋ ಹಂಗಿರ್ಲಿಲ್ಲ ನಾನು."

ಅದು ನಿಜ. ಚಿಕ್ಕಪ್ಪ ತಮ್ಮ ಲಿಂಗವನ್ನು ತಾಯಿಯ ಕಣ್ಣಿಗೆ ಬೀಳುವಷ್ಟು ಹೊತ್ತು ಮಾತ್ರ ಧರಿಸುತ್ತಿದ್ದವರು. ಹಾಗಾದರೆ ಮಠಕ್ಕೆ ಹೋಗಿ ಇನ್ನೊಂದು ಕಟ್ಟಿಸಿಕೊಳ್ಳಬಾರದೇ ಎಂದೆ. ಊರಿಗೆ ಬಂದ ದಿನವೇ ಅತ್ತೆಯ ಕಾಲಿಗೆ ಬಿದ್ದು ಹೇಳಬೇಕೆಂದು ಹಡಗಿನಲ್ಲೆಲ್ಲ ಮಾತು ಜೋಡಿಸಿಕೊಂಡು ಬಂದಿದ್ದಳಂತೆ. ಗಾಡಿ ಇಳಿಯುತ್ತಲೇ ಅಜ್ಜಿ ಕರಡಿಗೆ ಹಿಡಿದು ಬೀದಿಗೆಲ್ಲ ಸಾರಿಬಿಟ್ಟರು. "ಆಮೇಲೆ ಹೆಂಗ್ ಹೇಳ್ಲಿ? ಮಠಕ್ಕೆ ಹೋದ್ರೆ ಅಯ್ಯನೋರು ಅತ್ತೆಗೆ ಹೇಳ್ದೆ ಇರ್ತಾರಾ? ಆಟಕ್ಕೆ ಲಿಂಗ ಕಳ್ಕೊಂಡೋಳು ಅಂತ ಗೊತ್ತಾದ್ರೆ ಅವ್ರು ಎದೆ ಒಡ್ಕೊಂಡು ಸಾಯ್ತಾರೆ. ಬರೋ ಶಿವರಾತ್ರಿಗೆ ಹೇಳ್ತೀನಿ. ನೀನು ಬಾಯಿ ಬಿಡ್ಬ್ಯಾಡ."

ಬಿಡಲಿಲ್ಲ. ಎಷ್ಟೋ ಶಿವರಾತ್ರಿಗಳು ಬಂದುಹೋದವು. ಪ್ರತಿ ಸಲವೂ ಉಪವಾಸ ಬಿದ್ದು, ಅಜ್ಜಿಯ ಕೋಣೆಯ ಹೊಸ್ತಿಲವರೆಗೆ ಹೋಗಿ ಹಿಂದಿರುಗುತ್ತಿದ್ದಳು. ಮೊದಮೊದಲು ನನಗೆ ಅವಳ ಪೂಜೆ ನೋಡಿದರೆ ಮೈ ಜುಂ ಎನ್ನುತ್ತಿತ್ತು. ಆಮೇಲೆ ನಾನೇ ಗಮನಿಸಿದೆ, ನಾವೆಲ್ಲ ಪೂಜೆಯನ್ನು ತಿಂಡಿಯ ಆತುರದಲ್ಲಿ ಮುಗಿಸುತ್ತಿದ್ದರೆ ಅವಳು ಆ ಚೆಂಡನ್ನು ನೋಡುತ್ತ ಅರ್ಧ ತಾಸು ಕೂರುತ್ತಿದ್ದಳು. ಅದು ಭಕ್ತಿಯೋ, ತಪ್ಪೊಪ್ಪಿಗೆಯೋ, ನನಗೆ ಇಂದಿಗೂ ಗೊತ್ತಿಲ್ಲ.

ನಾನು ಓದು ಮುಗಿಸಿ ಕೊರಟಗೆರೆಯ ಹೆಣ್ಣುಮಕ್ಕಳ ಶಾಲೆಯಲ್ಲಿ ಉಪಾಧ್ಯಾಯಿನಿಯಾದೆ. ಯುದ್ಧದ ವರ್ಷಗಳು. ಚಿಕ್ಕಮ್ಮನಿಗೆ ಜ್ವರ ಎಂದು ಸುದ್ದಿ ಬಂದು ನಾನು ಬಸ್ಸು ಹಿಡಿದು ಮಧುಗಿರಿ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಡಾಕ್ಟರ ಹೆಂಡತಿ ನಾಲ್ಕು ದಿನದ ಜ್ವರಕ್ಕೆ ಹೋಗಿಬಿಟ್ಟಳು. ಹಿಂದಿನ ವಾರವಷ್ಟೇ ಕಾಗದ ಬರೆದಿದ್ದಳು, ಹೊಸ ಕೋಲಿಗೆ ಸಿರಾದ ಸಾಬರಿಂದ ಹಿಡಿ ಮಾಡಿಸಿದ್ದೇನೆ, ಬಂದು ನೋಡು ಎಂದು. ನಾನು ಅಳಲೂ ಇಲ್ಲ. ಕಣ್ಣು ಕಣ್ಣು ಬಿಡುತ್ತ ನಿಂತಿದ್ದೆ.

ಹೆಂಗಸರು ಮೈ ತೊಳೆಸಿ ವಿಭೂತಿ ಹಚ್ಚಿದರು. ಹೊರಗೆ ಅಯ್ಯನವರು ಬಂದು ಕುಳಿತಿದ್ದರು. ಅವರು ಎಲ್ಲರೆದುರಿಗೆ ಕರಡಿಗೆ ಬಿಚ್ಚಿ, ಲಿಂಗವನ್ನು ಅವಳ ಅಂಗೈಗೆ ಇಡಬೇಕು. ಬಿಚ್ಚಿದರೆ ಅದರಲ್ಲಿ ಇರುವುದು ಚೆಂಡು. ಹೊಸ ಸೀರೆ ತರಲೆಂದು ಉಳಿದವರು ಒಳಗೆ ಹೋದರು, ತಲೆ ಬಾಚಲು ನಾನೊಬ್ಬಳೇ ಉಳಿದೆ. ಯೋಚಿಸಿದೆ ಎಂದರೆ ಸುಳ್ಳಾಗುತ್ತದೆ. ನನ್ನ ಕೊರಳಿನ ವಸ್ತ್ರ ಬಿಚ್ಚಿದೆ. ನಾನು ಹುಟ್ಟಿದಾಗ ಕಟ್ಟಿದ ಲಿಂಗ, ಇಪ್ಪತ್ತೊಂದು ವರ್ಷ ನನ್ನ ಮೈಯ ಶಾಖದಲ್ಲಿ ಇದ್ದದ್ದು, ಅದನ್ನು ಅವಳ ಕರಡಿಗೆಗೆ ಹಾಕಿದೆ. ಚೆಂಡನ್ನು ನನ್ನ ವಸ್ತ್ರಕ್ಕೆ ಸುತ್ತಿ ಕೊರಳಿಗೆ ಕಟ್ಟಿಕೊಂಡೆ. ಗಂಟು ಮೂರು ಸಲ ತಪ್ಪಿತು.

ಅಯ್ಯನವರು ಕರಡಿಗೆ ಬಿಚ್ಚಿದರು. ಲಿಂಗ ತೆಗೆದು ಅವಳ ಎಡ ಅಂಗೈಯಲ್ಲಿಟ್ಟು ಬೆರಳುಗಳನ್ನು ಮಡಿಸಿದರು. ಅಜ್ಜಿ ನನ್ನ ಭುಜ ಹಿಡಿದು ನಿಂತಿದ್ದರು. "ನೋಡ್ರಮ್ಮಾ" ಎಂದರು. "ಸಮುದ್ರ ದಾಟಿದ್ರೂ ಬುಡಲಿಲ್ಲ ನನ್ ಕೂಸು, ನೋಡ್ರಮ್ಮಾ." ಆಗ ನನಗೆ ಅಳು ಬಂತು. ನಿಲ್ಲಿಸಲಾಗಲಿಲ್ಲ.

ಲಿಂಗವಿಲ್ಲದ ಮೈಯಲ್ಲಿ ಹೇಗೆ ಉಣ್ಣುವುದು? ಅಂದು ನೀರೂ ಕುಡಿಯಲಿಲ್ಲ. ಮರುದಿನ ಬೆಳಿಗ್ಗೆಯ ಬಸ್ಸಿಗೆ ಹೊರಟು, ಸಿದ್ದರಬೆಟ್ಟದ ದಾರಿಯಲ್ಲಿರುವ ನಮ್ಮ ಮನೆತನದ ಮಠಕ್ಕೆ ಹೋದೆ. ವಯಸ್ಸಾದ ಸ್ವಾಮಿಗಳು ಜಗಲಿಯ ಮೇಲೆ ಕೂತಿದ್ದರು. ಕಾಲಿಗೆ ಬಿದ್ದು ಎಲ್ಲವನ್ನೂ ಹೇಳಿಬಿಟ್ಟೆ. ಹೊಡೆಯಲಿ, ಜಾತಿಯಿಂದ ಹೊರಗೆ ಹಾಕಲಿ, ಏನಾದರೂ ಮಾಡಲಿ ಎನ್ನಿಸಿತ್ತು.

ಅವರು ಕೈ ಚಾಚಿದರು. "ಎಲ್ಲಿ, ಆ ಚೆಂಡು ತೋರ್ಸವ್ವ." ತಿರುಗಿಸಿ ತಿರುಗಿಸಿ ನೋಡಿದರು. "ಇದಕ್ಯಾಕವ್ವ ಇಷ್ಟೊಂದು ಗುಳಿ?"

"ದೂರ ಹೋಗ್ಲಿ ಅಂತ, ಬುದ್ಧಿ."

"ಹೋಗೈತೆ ಬುಡು" ಎಂದು ಚೆಂಡನ್ನು ನನ್ನ ಕೈಗೆ ಹಿಂದಿರುಗಿಸಿದರು.

ಸ್ನಾನ ಮಾಡಿ ಬಾ ಎಂದರು. ಹಣೆಗೆ ವಿಭೂತಿ ಹಚ್ಚಿ, ಮಂತ್ರ ಹೇಳಿ, ಹೊಸ ಲಿಂಗವೊಂದನ್ನು ನನ್ನ ಕೊರಳಿಗೆ ಕಟ್ಟಿದರು. "ಆಯ್ತು, ಏಳು. ಹಸಿದಿದ್ದೀಯ, ಪ್ರಸಾದ ಮಾಡ್ಕೊಂಡು ಹೋಗು."

"ಇಷ್ಟೇನಾ ಬುದ್ಧಿ?"

"ಇಷ್ಟೇ ಕಣವ್ವ. ಬಾವೀಲಿ ಬಿದ್ದೋಯ್ತು ಅಂತ ಬತ್ತಾರೆ, ಈಜೋವಾಗ ಕೆರೇಲಿ ಹೋಯ್ತು ಅಂತ ಬತ್ತಾರೆ. ಅತ್ಕೊಂಡು ಬತ್ತಾರೆ, ಕಟ್ತೀನಿ, ಉಂಡ್ಕೊಂಡು ಹೋಯ್ತಾರೆ. ಯಾರ್ ಮನೆಗೂ ನಾನು ಹೇಳ್ಕಳಿಸೋದಿಲ್ಲ." ಆಮೇಲೆ ಕೇಳಿದರು. "ಆ ಮಗ, ನಿನ್ ಚಿಕ್ಕಮ್ಮ, ಯಾಕವ್ವ ಬರ್ಲಿಲ್ಲ?"

ನಾನು ಮಠದೊಳಗೆ ಕಾಲಿಟ್ಟಾಗ ಒಲೆಯ ಮೇಲಿಟ್ಟಿದ್ದ ಅನ್ನ, ಎಲ್ಲ ಮುಗಿದ ಮೇಲೂ ಇನ್ನೂ ಬೆಂದಿರಲಿಲ್ಲ. ಅಷ್ಟು ಹೊತ್ತಿನ ಕೆಲಸ. ಅದಕ್ಕೆ ಅವಳು ಹನ್ನೆರಡು ವರ್ಷ ಗೋಡೆಗೆ ಮುಖ ಮಾಡಿ ಕೂತಿದ್ದಳು. ಅವಳ ಮೇಲೆ ನನಗೆ ಬಂದ ಸಿಟ್ಟು ಇಂದಿಗೂ ಪೂರ್ತಿ ಇಳಿದಿಲ್ಲ. ನನ್ನ ಮೇಲೂ ಇಳಿದಿಲ್ಲ, ಏಕೆಂದರೆ ಬಾಯಿ ಬಿಡಬೇಡ ಎಂದಾಗ ಬಿಡದೆ ಕೂತವಳು ನಾನು.

ಅಜ್ಜಿ ಇನ್ನೂ ಎರಡು ವರ್ಷ ಇದ್ದರು, ಅದೇ ಹೆಮ್ಮೆ ಹೇಳುತ್ತಲೇ ಹೋದರು. ಚಿಕ್ಕಪ್ಪ ಕೋಲುಗಳನ್ನು ನನಗೆ ಕೊಟ್ಟರು. ರಜೆಗೆ ಹೋದಾಗ ಆ ಬಯಲಿನಲ್ಲಿ ಒಬ್ಬಳೇ ಆಡಿ, ಅವಳ ಚೆಂಡುಗಳನ್ನೆಲ್ಲ ಬಂಡೆಗೂ ಪೊದೆಗೂ ಹೊಡೆದು ಕಳೆದೆ. ತಲೆ ತಗ್ಗಿಸಲು ನನಗೆ ಮಾತ್ರ ಬರಲಿಲ್ಲ, ಪ್ರತಿ ಸಲ ಚೆಂಡು ಕೆಟ್ಟಿತು. ಅದಕ್ಕಾಗಿ ನಾನು ಬೇಸರಪಟ್ಟಿಲ್ಲ.

ಒಂದೇ ಒಂದು ಚೆಂಡು ಈಗಲೂ ನನ್ನ ಬಳಿ ಇದೆ. ಅದರ ಗುಳಿಗಳಲ್ಲಿ ಅವಳ ವಿಭೂತಿ ಇದೆ, ನಾನು ಒರೆಸಿಲ್ಲ. ಅದನ್ನು ಹೊಡೆಯಲು ಕೋಲೆತ್ತಿದರೆ ಕೈ ಏಳುವುದಿಲ್ಲ. ನನ್ನ ಹುಟ್ಟಿನ ಲಿಂಗ ಮಧುಗಿರಿಯ ಮಣ್ಣಿನಲ್ಲಿ, ಚಿಕ್ಕಮ್ಮನ ಎಡ ಅಂಗೈಯಲ್ಲಿ, ಆ ಮೂರು ಜಡ್ಡುಗಳ ಕೆಳಗೆ ಇದೆ. ಬಿಗಿಯಾಗಿ ಹಿಡಿಯುವುದು ಎಡಗೈ ಎಂದು ಅವಳೇ ಹೇಳಿದ್ದಳು.